ಹಾಡಿನ ಕೆಳಗಿನ ಹೆಸರು

ನಮ್ಮ ಸರ್ ಎರಡು ಕನ್ನಡಕ ಹಾಕುತ್ತಿದ್ದರು, ಎರಡನ್ನೂ ಒಟ್ಟಿಗೆ. ಓದುವುದು ಮೂಗಿನ ಮೇಲೆ, ದೂರದ್ದು ಹಣೆಯ ಮೇಲೆ. ಬಾಗಿಲಲ್ಲಿ ಯಾರಾದರೂ ನಿಂತರೆ ತಲೆಯನ್ನು ಒಮ್ಮೆ ಕೊಡವುವರು. ಹಣೆಯದು ಜಾರಿ ಬಂದು ಮೂಗಿನದರ ಮೇಲೆ ಕೂರುವುದು. ಆಗ ಎರಡರಲ್ಲೂ ಏನೂ ಕಾಣದೆ "ಯಾರವ್ವಾ ಅದು, ಒಳಗ ಬಾ" ಎನ್ನುವರು. ಬಂದವನು ಮೀಸೆ ಹೊತ್ತ ಗಂಡಸಾಗಿದ್ದರೂ ಅದೇ ಮಾತು. ಎರಡನ್ನೂ ಒಂದೇ ಗಾಜಿನಲ್ಲಿ ಕೂಡಿಸಿ ಕೊಡುತ್ತಾರೆ ಸರ್, ಶಹಾಪುರದಲ್ಲೇ ಸಿಗುತ್ತದೆ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಸುರಪುರದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಿಬ್ಬರ ಮನಸ್ಸು ಮುರಿದದ್ದೇ ಹೆಸರಿನ ವಿಷಯಕ್ಕೆ. ಹಾಗಾಗಿ ಅವರದನ್ನೂ ಬಿಟ್ಟೇ ಬರೆಯುತ್ತೇನೆ. ಇದನ್ನು ಸಿಟ್ಟು ಎಂದು ಯಾರಾದರೂ ಅಂದರೆ, ಹೌದು, ಸಿಟ್ಟೇ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಅವರು, ನಾಳೆ ಬರುವಾಗ ಮನೆಯಲ್ಲಿ ಹೆಂಗಸರು ಹಾಡುವ ಒಂದೊಂದು ಹಾಡು ತನ್ನಿ ಎಂದರು. ನಾವು ನಕ್ಕೆವು. ಪಾಠದಲ್ಲಿ ಇಲ್ಲದ್ದನ್ನು ಯಾಕೆ ತರಬೇಕು? ಆದರೂ ನಾನು ನಮ್ಮ ಆಯಿಯ, ಅಂದರೆ ಅಜ್ಜಿಯ, ಒಂದು ಬೀಸುವ ಪದ ಕಲಿತು ಹೋಗಿ ಹೇಳಿದೆ. ಸರ್ ಅದನ್ನು ಹಲಗೆಯ ಮೇಲೆ ಬರೆದರು. ಬರೆದು ಮುಗಿಸಿ, "ನಿಮ್ಮ ಆಯಿ ಹೆಸರೇನವ್ವಾ?" ಎಂದು ಕೇಳಿದರು. ಹೇಳಿದೆ. ಹಾಡಿನ ಕೆಳಗೆ ಬಲಗಡೆಗೆ ನಮ್ಮ ಆಯಿಯ ಹೆಸರನ್ನೂ ನಮ್ಮ ಊರಿನ ಹೆಸರನ್ನೂ ಬರೆದು, ಪಠ್ಯಪುಸ್ತಕದಲ್ಲಿ ಕವಿಗಳ ಹೆಸರಿನ ಕೆಳಗೆ ಎಳೆಯುವ ಹಾಗೆ ಒಂದು ಗೀಟು ಎಳೆದರು. ಜೀವಮಾನವಿಡೀ 'ಏ ಇಕಿ', 'ಇಂಥವನ ಹೇಂತಿ' ಎಂದು ಕರೆಸಿಕೊಂಡವಳ ಹೆಸರು ಸರ್ಕಾರಿ ಶಾಲೆಯ ಹಲಗೆಯ ಮೇಲೆ ಇಡೀ ದಿನ ಉಳಿಯಿತು. ಗಣಿತದ ಸರ್ ಬಂದರೂ ಅದನ್ನು ಒರೆಸದೆ ಪಕ್ಕದಲ್ಲೇ ಲೆಕ್ಕ ಮಾಡಿದರು. ಸಂಜೆ ಮನೆಗೆ ಹೋಗಿ ಹೇಳಿದಾಗ ಆಯಿ ನಂಬಲಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕಳು.

"ಹಾಡು ಯಾರ ಬಾಯಾಗಿಂದ ಬಂತೋ ಅವರ ಹೆಸರ ಕೆಳಗ ಇರಬೇಕು. ಇಲ್ಲಂದ್ರ ನಾವು ಕಳ್ಳರು," ಎಂದಿದ್ದರು ಸರ್ ಅವತ್ತು ತರಗತಿಯಲ್ಲಿ. ಮಕ್ಕಳ ಮುಂದೆ ಆಡಿದ ಮಾತು ಅವರಿಗೆ ಮರೆತಿರಬಹುದು, ನನಗೆ ಮರೆಯಲಿಲ್ಲ.

ನಾನೂ ಮುಂದೆ ಟೀಚರ್ ಆದೆ. ಶಹಾಪುರದಲ್ಲಿ ಮನೆ, ಗೋಗಿಯಲ್ಲಿ ಶಾಲೆ. ಸರ್ ನಿವೃತ್ತರಾದ ಮೇಲೆ ನಮ್ಮ ಸೀಮೆಯ ಹೆಂಗಸರ ಹಾಡುಗಳನ್ನು ಕೂಡಿಸಿ ಒಂದು ಪುಸ್ತಕ ಮಾಡಬೇಕೆಂದು ಹೊರಟಾಗ ನನ್ನನ್ನು ಕರೆದರು. ಇನ್ನೊಬ್ಬನನ್ನೂ ಕರೆದರು, ನನಗಿಂತ ಎರಡು ವರ್ಷ ಚಿಕ್ಕವನು, ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ, ಕಂಪ್ಯೂಟರ್ ಬಲ್ಲವನು. ಮೂವರೂ ಮೂರು ಊರಿನಲ್ಲಿ. ಹಳ್ಳಿಗೆ ಹೋಗಿ ಹಾಡು ಕೇಳುವುದು, ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುವುದು, ಮನೆಗೆ ಬಂದು ಬರೆಯುವುದು. ಬರೆದದ್ದನ್ನು ತಿದ್ದುವುದೇ ದೊಡ್ಡ ಕೆಲಸವಾಗಿತ್ತು.

ತಿದ್ದುವುದಕ್ಕೆ ಸರ್ ಮಾಡಿದ್ದ ಕಟ್ಟಳೆ ಕೇಳಿದರೆ ಈಗಿನವರು ನಗುತ್ತಾರೆ. ಯಾರೂ ಯಾವುದನ್ನೂ ಅಳಿಸುವ ಹಾಗಿಲ್ಲ. ತಿದ್ದಬೇಕೆಂದರೆ ಹೊಸ ಪ್ರತಿ ಮಾಡಿ, ಅದಕ್ಕೆ ಮುಂದಿನ ನಂಬರು ಹಾಕಿ, ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಮೇಲೊಂದು ಸಾಲು ಬರೆಯಬೇಕು. ಆ ಸಾಲಿಗೆ ಅವರು 'ಯಾಕ' ಎಂದೇ ಹೆಸರಿಟ್ಟಿದ್ದರು. "ಯಾಕ ಬರದೀಯೇನು?" ಎಂಬುದು ಅವರ ಮೊದಲ ಪ್ರಶ್ನೆ. ಬರೆಯದಿದ್ದರೆ ಪ್ರತಿಯನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ.

ತಿಂಗಳಿಗೊಂದು ಐತವಾರ, ಶಾಲೆ ಕಚೇರಿಗೆ ರಜೆಯ ದಿನ, ಸುರಪುರದಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಮೂವರೂ ನಮ್ಮ ನಮ್ಮ ಪ್ರತಿ ಹರವಿಕೊಂಡು ಕೂರುತ್ತಿದ್ದೆವು. ನಾನು ಒಂದು ಹಾಡಿನಲ್ಲಿ 'ಹಡದವ್ವ' ಎಂದು ಕೇಳಿರುತ್ತಿದ್ದೆ, ಯಾದಗಿರಿಯವನು ಅದನ್ನೇ 'ಹಿರಿಯವ್ವ' ಎಂದು ಬರೆದಿರುತ್ತಿದ್ದ. ಜಗಳ ಹತ್ತುತ್ತಿತ್ತು. ರೆಕಾರ್ಡು ಹಾಕಿ ಕೇಳುವುದು, ಮತ್ತೆ ಜಗಳ. ಸರ್ ಒಂದು ಕನ್ನಡಕ ಏರಿಸಿ ಒಂದನ್ನು ಇಳಿಸಿ ಎರಡೂ ಪ್ರತಿ ನೋಡಿ, "ಫರಕ್ ಐತಿ. ಎರಡೂ ಇಡ್ರಿ," ಎನ್ನುತ್ತಿದ್ದರು. ಬೇರೆ ಬೇರೆ ಊರಿನ ಇಬ್ಬರು ಒಂದೇ ಹಾಡನ್ನು ಬೇರೆ ಥರ ಹಾಡಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರ ಕೆಳಗೂ ಹೆಸರು ಹಾಕುತ್ತಿದ್ದೆವು. ಅವರ ಹೆಂಡತಿ, ನಾವು ಅಕ್ಕಾರು ಎಂದು ಕರೆಯುತ್ತಿದ್ದೆವು, ಚುರುಮುರಿ ಸುಸಲಾ ಮಾಡಿ ಮಿರ್ಚಿ ಕರಿದು ತಂದಿಟ್ಟು, ಬಾಗಿಲ ಬದಿಗೆ ಕೂತು ಎಲ್ಲವನ್ನೂ ಕೇಳುತ್ತಿದ್ದರು. ನಿಧಾನದ ಕೆಲಸ. ಒಂದು ಹಾಡು ಮುಗಿಯಲು ಎರಡು ಮೂರು ಐತವಾರ ಹಿಡಿದದ್ದುಂಟು. ನನ್ನ ಬಾಳಿನಲ್ಲಿ ಅಷ್ಟು ಸುಖದ ಐತವಾರಗಳು ಮತ್ತೆ ಬಂದಿಲ್ಲ.

ಅಂಥ ಒಂದು ಐತವಾರ, ಯಾದಗಿರಿಯವನು ಇನ್ನೂ ಬಂದಿರಲಿಲ್ಲ, ಸರ್ ತಮ್ಮ ತಾಯಿಯ ಮಾತು ತೆಗೆದರು. ಆಕೆ ಕೊಡೇಕಲ್ ಕಡೆಯ ಹಳ್ಳಿಯವರು. ಕುರಿ ಕಾಯ್ದು ಮಗನನ್ನು ಓದಿಸಿದವರು. ಬಹಳ ಹಾಡುತ್ತಿದ್ದರಂತೆ. ಸರ್ ಓದಿಗೆಂದು ಊರು ಬಿಟ್ಟರು, ನೌಕರಿ ಹತ್ತಿತು, ಊರೂರಿನ ಹಾಡು ಬರೆದುಕೊಂಡರು. ತಾಯಿಯದನ್ನು ನಾಳೆ ಬರೆದುಕೊಂಡರಾಯಿತು, ಅವ್ವ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡರು. ಆಕೆ ತೀರಿಕೊಂಡರು. "ಒಂದ ಹಾಡ ಇಲ್ಲ ನನ್ನ ಕಡೆ. ನಾ ದೊಡ್ಡ ಸಂಗ್ರಾಹಕ," ಎಂದು ಸರ್ ನಕ್ಕರು. ನನಗೆ ಪಾಪ ಅನ್ನಿಸಿತು. ಆ ಪಾಪ ಅನ್ನಿಸಿದ್ದು ಮುಂದೆ ನನಗೇ ತಿರುಗುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಹಣಮವ್ವನ ಮಾತಿಗೆ ಬರಬೇಕು. ಬೋನಾಳದವಳು. ವಯಸ್ಸು ಕೇಳಿದರೆ "ನೀನ ಹಾಕ್ಕೊ, ಏನ ಬೇಕೋ ಅದು" ಎನ್ನುವವಳು. ಸರ್ ಮತ್ತು ನಾನು ಕೂಡಿಯೇ ಅವಳ ಮನೆಗೆ ಹೋಗುತ್ತಿದ್ದೆವು. ಅವಳು ಮೊದಲು ರೊಟ್ಟಿ ಉಣ್ಣಿಸಿ, ಆಮೇಲೆ ಹಾಡುತ್ತಿದ್ದಳು. ಹೋಗಿ ಬಂದು ಸಾಕಷ್ಟು ಸಲಿಗೆಯಾದ ಮೇಲೆ ಒಂದು ದಿನ, ಯಾರ ಮುಂದೆಯೂ ಹಾಡದ ಒಂದು ಹಾಡಿದೆ ಎಂದಳು. ಅದು ಅವಳೇ ಕಟ್ಟಿದ್ದು. ಅವಳ ಚೊಚ್ಚಲ ಮಗಳು ಚಿಕ್ಕವಳಿದ್ದಾಗಲೇ ಜ್ವರ ಬಂದು ಹೋಗಿಬಿಟ್ಟಿದ್ದಳು. ಊರ ಕೆರೆಗೆ ಚಳಿಗಾಲದಲ್ಲಿ ಹೊರಗಿನ ಹಕ್ಕಿಗಳು ಬಂದಿಳಿಯುವುದನ್ನು ನೋಡುತ್ತ ಕಟ್ಟಿದ ಹಾಡು.

ಕೆರಿಯಾನ ಹಕ್ಯೆಲ್ಲ ತಿರುಗಿ ಬಂದಾವ ನೋಡ
ಹೋದ ವರ್ಸದ ಗೂಡ ಹುಡುಕ್ಯಾವ, ನನ ಕೂಸ
ಯಾ ಕೆರಿಗಿ ಹೋಗಿ ಮರತಾಳ

ಹಾಡಿ ಮುಗಿಸಿ ಅವಳು ಅಳಲಿಲ್ಲ. ಸರ್ ಅತ್ತರು. ಎರಡೂ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

"ಬರಕೊಳ್ರಿ," ಎಂದಳು ಹಣಮವ್ವ. "ಆದ್ರ ಕೆಳಗ ನನ್ನ ಹೆಸರ ಹಾಕಬೇಕು. ಮಗಳ ಸಲುವಾಗಿ ಕಟ್ಟೀನಿ ಅಂತನೂ ಹಾಕಬೇಕು. ಅಕಿ ಇದ್ಲು ಅಂತ ಯಾ ಕಾಗದದಾಗೂ ಇಲ್ಲ. ನಾ ಹೋದ ಮ್ಯಾಲ ಅಕೀನ್ನ ನೋಡಿದವರು ಯಾರೂ ಇರಂಗಿಲ್ಲ."

ಸರ್ ಅವಳ ಕೈ ಹಿಡಿದುಕೊಂಡು ಹೇಳಿದರು: "ಹಾಕ್ತೀನವ್ವಾ. ನಾನ ಬರದು ಹಾಕ್ತೀನಿ."

ಬರೆದರು ಕೂಡ. 'ಹಣಮವ್ವ, ಬೋನಾಳ. ತೀರಿಹೋದ ಮಗಳ ಸಲುವಾಗಿ ಕಟ್ಟಿದ್ದು.' ಆ ಹಾಡಿನ ಎಲ್ಲ ಪ್ರತಿಗಳಲ್ಲೂ ಆ ಸಾಲಿದೆ, ಅವರ ಕೈಬರಹದ್ದರಲ್ಲೂ.

ಆಮೇಲೆ ಕೊರೊನಾ ಬಂತು. ಬಸ್ಸು ನಿಂತವು, ಐತವಾರಗಳು ನಿಂತವು. ಯಾದಗಿರಿಯವನು ಉಪಾಯ ಮಾಡಿದ. ಇಂಟರ್‌ನೆಟ್ಟಿನಲ್ಲಿ ಒಂದೇ ಫೈಲು ಇಟ್ಟರೆ ಮೂವರೂ ನಮ್ಮ ನಮ್ಮ ಮನೆಯಿಂದಲೇ ಏಕಕಾಲಕ್ಕೆ ಬರೆಯಬಹುದು, ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಆ ಕ್ಷಣಕ್ಕೇ ಕಾಣುತ್ತದೆ, ಪ್ರತಿ ಮಾಡುವ, ಕಳಿಸುವ, ಕೂಡಿಸುವ ತಾಪತ್ರಯವೇ ಇಲ್ಲ ಎಂದ. ಸರ್ ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. ಮಗ ಕೊಡಿಸಿದ್ದ ದೊಡ್ಡ ಫೋನು ಕೈಯಲ್ಲಿತ್ತು, ಮಾಡಲು ಬೇರೆ ಕೆಲಸವಿರಲಿಲ್ಲ, ಒಪ್ಪಿದರು. ಗೌರವಕ್ಕಿರಲಿ ಎಂದು ಯಾದಗಿರಿಯವನು ಆ ಫೈಲಿನ ಯಜಮಾನಿಕೆಯನ್ನು ಅವರ ಹೆಸರಿಗೇ ಮಾಡಿಕೊಟ್ಟ.

ಮೊದಮೊದಲು ಚಂದವಿತ್ತು, ಸುಳ್ಳೇಕೆ ಹೇಳಲಿ. ಬರೆಯುವವರು ಎಲ್ಲಿದ್ದಾರೋ ಅಲ್ಲಿ ಒಂದು ಬಣ್ಣದ ಕಡ್ಡಿ ಮಿನುಗುತ್ತಿತ್ತು, ಅದರ ನೆತ್ತಿಯ ಮೇಲೆ ಅವರ ಹೆಸರು. ಸರ್ ಅವರದು ಹಸಿರು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರಿಂದ ಅವರ ಕಡ್ಡಿ ಕುಂಟುತ್ತ ಬರುತ್ತಿತ್ತು. ಮನೆಯಲ್ಲಿ ಬಂದಿಯಾಗಿ ಕೂತ ಆ ದಿನಗಳಲ್ಲಿ ಆ ಹಸಿರು ಕಡ್ಡಿ ಕಂಡರೆ ಸರ್ ಎದುರಿಗೇ ಬಂದು ಕೂತ ಹಾಗೆ ಆಗುತ್ತಿತ್ತು. "ಊಟ ಆತೇನ್ರಿ ಸರ್" ಎಂದು ಹಾಡಿನ ನಡುವೆಯೇ ಬರೆಯುತ್ತಿದ್ದೆ. "ಆತು. ಹಾಡ ಕೆಡಿಸಬ್ಯಾಡ" ಎಂದು ಉತ್ತರ ಮೂಡುತ್ತಿತ್ತು, ಆಮೇಲೆ ಎರಡೂ ಅಳಿಸಿ ಹೋಗುತ್ತಿದ್ದವು.

ಅಳಿಸುವುದು ಹೀಗೆ ಆಟದಲ್ಲಿ ಶುರುವಾಯಿತು. ನಿಧಾನಕ್ಕೆ 'ಯಾಕ' ಸಾಲು ನಿಂತುಹೋಯಿತು. ಕೆಲವು ಹಾಡುಗಳಲ್ಲಿ ನಾವು ಪಕ್ಕಪಕ್ಕ ಇಟ್ಟಿದ್ದ ಎರಡು ಪಾಠಗಳಲ್ಲಿ ಒಂದೇ ಉಳಿದದ್ದು ಕಂಡು ಸರ್‌ಗೆ ಫೋನು ಮಾಡಿದೆ. "ಹಾಳಿ ಸ್ವಚ್ಛ ಕಾಣತೈತಿ," ಎಂದರು. ಬಸ್ಸು ಶುರುವಾದ ಮೇಲೆ, ಐತವಾರ ಬರಲೇನ್ರಿ ಎಂದು ಕೇಳಿದರೆ, "ಈಗ ಯಾಕ ಬೇಕವ್ವಾ, ಎಲ್ಲಾ ಇಲ್ಲೇ ಆಗತೈತಲ್ಲ," ಎಂದರು. ಕಾಲು ತೊಳೆದು ಅಂಗಳದಲ್ಲಿ ನಿಂತವಳನ್ನು ಒಳಗೆ ಬಾ ಅನ್ನದೆ ಕಳಿಸಿದ ಹಾಗಾಯಿತು ನನಗೆ.

ಅದಾಗಿ ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಶಾಲೆ ಬಿಟ್ಟು ಗೋಗಿಯಿಂದ ಶಹಾಪುರಕ್ಕೆ ಬರುವ ಆಟೋದಲ್ಲಿ ಕೂತಿದ್ದೆ. ಸೀಟು ತುಂಬುವವರೆಗೂ ಆಟೋದವನು ಹೊರಡುವುದಿಲ್ಲ. ಸುಮ್ಮನೆ ಕೂರಲಾರದೆ ಫೋನು ತೆಗೆದು ನಮ್ಮ ಫೈಲು ತೆರೆದೆ. ಹಸಿರು ಕಡ್ಡಿ ಹಣಮವ್ವನ ಹಾಡಿನ ಹತ್ತಿರ ನಿಂತಿತ್ತು. ಏನಾದರೂ ತಿದ್ದುತ್ತಿದ್ದಾರೆ ಅಂದುಕೊಂಡೆ. ಕಡ್ಡಿ ಹಾಡಿನ ಕೆಳಗಿನ ಸಾಲಿನ ತುದಿಗೆ ಹೋಯಿತು. ಅಲ್ಲಿಂದ ಹಿಂದಕ್ಕೆ ಹೊರಟಿತು. ಕಟ್ಟಿದ್ದು ಹೋಯಿತು. ಸಲುವಾಗಿ ಹೋಯಿತು. ಮಗಳು ಹೋದಳು. ಬೋನಾಳ ಹೋಯಿತು. ಹಣಮವ್ವ ಒಂದೊಂದೇ ಅಕ್ಷರವಾಗಿ ಹೋದಳು. ಖಾಲಿಯಾದ ಜಾಗದಲ್ಲಿ ಸರ್ ಒಂದೇ ಬೆರಳಿನಲ್ಲಿ ತಮ್ಮ ತಾಯಿಯ ಹೆಸರನ್ನು ಬರೆದರು.

ಕೈ ತಪ್ಪಿ ಆಗಿರಬೇಕು ಎಂದು ಮನಸ್ಸು ಹೇಳಿತು. ಕಡ್ಡಿ ಕೆಳಗಿನ ಹಾಡಿಗೆ ಇಳಿಯಿತು. ಅಲ್ಲಿಯೂ ಹಾಗೆಯೇ. ಎಲ್ಲ ಹಾಡಿಗಲ್ಲ, ಒಳ್ಳೊಳ್ಳೆಯದನ್ನು ಆರಿಸಿ ಆರಿಸಿ. ಫೋನು ಹಚ್ಚಿದೆ. ರಿಂಗಾಗುತ್ತಿದ್ದ ಹಾಗೆ ಪರದೆಯ ಮೇಲೆ ಕಡ್ಡಿ ನಿಂತಿತು. ಸರ್ ಫೋನು ನೋಡುತ್ತಿದ್ದಾರೆ, ಅದರ ಮೇಲೆ ನನ್ನ ಹೆಸರು ಓದುತ್ತಿದ್ದಾರೆ ಎಂದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಎತ್ತಲಿಲ್ಲ. ರಿಂಗು ನಿಂತಿತು. ಕಡ್ಡಿ ಮತ್ತೆ ಹೊರಟಿತು.

ಆಟೋ ತುಂಬಿ ಹೊರಟಿತ್ತು. ಪಕ್ಕದಲ್ಲಿ ಕೂತ ಹೆಂಗಸು "ಯಾಕ್ರಿ ಟೀಚರಮ್ಮ, ಯಾರರ ತೀರಿಕೊಂಡಾರೇನ್ರಿ?" ಎಂದಳು. ನನ್ನ ಮುಖ ಹಾಗಿತ್ತೇನೋ. ಇಲ್ಲ ಎಂದೆ. ಮನೆ ಮುಟ್ಟುವವರೆಗೆ ತಡೆಯಲಾರದೆ ಆ ಆಟೋದಲ್ಲೇ ಹಣಮವ್ವನ ಹೆಸರನ್ನು ಮತ್ತೆ ಬರೆದೆ. ಹಸಿರು ಕಡ್ಡಿ ಬಂದು ಅಳಿಸಿತು. ಮತ್ತೆ ಬರೆದೆ, ಮತ್ತೆ ಅಳಿಸಿದರು. ಒಂದು ಮಾತೂ ಬರೆಯಲಿಲ್ಲ. ಎದುರೆದುರು ಕೂತು ಜಗಳಾಡಿ ಹೊಟ್ಟೆ ತುಂಬ ಉಂಡು ಏಳುತ್ತಿದ್ದವರು, ಒಂದು ಹೆಸರಿನ ಎರಡು ಕಡೆ ನಿಂತು ಮೂಕರ ಹಾಗೆ ಎಳೆದಾಡಿದೆವು.

ಮರುದಿನ ರಜೆ ಹಾಕಿ, ಹಳೆಯ ಪ್ರತಿಗಳನ್ನೆಲ್ಲ ಚೀಲದಲ್ಲಿಟ್ಟುಕೊಂಡು ಸುರಪುರಕ್ಕೆ ಹೋದೆ. ಸರ್ ಪಡಸಾಲೆಯಲ್ಲಿ ಕೂತಿದ್ದರು. ಬಾ ಎಂದರು. ನಾನು ನಿಂತೇ ಕೇಳಿದೆ.

"ಹಣಮವ್ವನ ಹೆಸರ ಯಾಕ ತಗದ್ರಿ ಸರ್?"

"ಅವು ನಮ್ಮವ್ವನ ಹಾಡು."

"ನಿಮ್ಮವ್ವನೂ ಹಾಡಿರಬಹುದ್ರಿ. ಬೀಸೋ ಪದ ಎಲ್ಲಾರ ಮನ್ಯಾಗೂ ಇರ್ತಾವ. ಎರಡೂ ಹೆಸರ ಹಾಕೋಣ. ಮೊದಲಿಂದ ಹಂಗ ಮಾಡೇವಿ."

"ಎರಡ ಹಾಕಿದ್ರ ನಮ್ಮವ್ವ ಎರಡನೇದಾಕಿ ಆಗ್ತಾಳ," ಎಂದರು ಸರ್.

ಚೀಲದಿಂದ ಪ್ರತಿಗಳನ್ನು ತೆಗೆದು ಅವರ ಮುಂದಿಟ್ಟೆ. ಅವರದೇ ಅಕ್ಷರ, ಅವರದೇ ನಂಬರು, ಅವರದೇ 'ಯಾಕ'. ಕನ್ನಡಕ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. "ಹಳೇವವ್ವಾ ಅವು," ಎಂದು ಬದಿಗೆ ಸರಿಸಿದರು. ನನ್ನ ಎದೆಗೆ ಬಡಿದದ್ದು ಅದು. ಹಣಮವ್ವನ ಹೆಸರು ಹೋದದ್ದಕ್ಕಿಂತ ಒಂದು ಗುಂಜಿ ಹೆಚ್ಚಾಗಿಯೇ ಬಡಿಯಿತು.

"ಕೂಸಿನ ಹಾಡೂ ನಿಮ್ಮವ್ವಂದೇನ್ರಿ? ನಿಮ್ಮವ್ವನ ಊರಾಗ ಹಕ್ಕಿ ಇಳಿಯೋ ಕೆರಿ ಎಲ್ಲೈತ್ರಿ ಸರ್?"

ಸರ್ ಗೋಡೆಯ ಕಡೆ ನೋಡುತ್ತ ಹೇಳಿದರು: "ನನಗಿಂತ ಮೊದಲ ನಮ್ಮವ್ವಗ ಒಂದು ಹೆಣ್ಣಕೂಸ ಹುಟ್ಟಿ ಸತ್ತಿತ್ತು. ಅದರ ಸಲುವಾಗಿ ಏನ ಹಾಡಿದ್ಲೋ ನಾ ಕೇಳಲಿಲ್ಲ. ಇಂಥಾದ್ದ ಏನರ ಹಾಡಿರಬೇಕು."

"ಹಾಡಿರಬೇಕು ಅನ್ನೋದು ಬ್ಯಾರೆ, ಹಾಡಿದ್ಲು ಅನ್ನೋದು ಬ್ಯಾರೆ ಅಲ್ಲೇನ್ರಿ. ಹೆಸರ ಇಲ್ಲಂದ್ರ ಕಳ್ಳರು ಅಂತ ಹೇಳಿಕೊಟ್ಟವರು ನೀವು."

ಸರ್ ನನ್ನ ಕಡೆ ತಿರುಗಲಿಲ್ಲ. ಒಳಗೆ ಮುಖ ಮಾಡಿ, "ಇಕಿಗೆ ಒಂದ ಕಪ್ ಚಹಾ ಕೊಡು," ಎಂದರು. ಅಕ್ಕಾರು ಬಾಗಿಲಲ್ಲೇ ನಿಂತಿದ್ದರು. ಚಹಾ ತರಲು ಹೋಗಲಿಲ್ಲ. ನಾನು ಚೀಲ ಎತ್ತಿಕೊಂಡು ಬಂದೆ.

ಬಸ್ಸಿನಲ್ಲಿ ಫೈಲು ತೆರೆದರೆ ತೆರೆಯಲಿಲ್ಲ. ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ ಎಂದು ಬಂತು. ಕೆಳಗೆ ಅನುಮತಿ ಕೇಳುವ ಗುಂಡಿ. ಬಿಸಿಲಲ್ಲಿ ಅಲೆದು, ಹೆಂಗಸರ ಕಾಲ ಬಳಿ ಕೂತು ನಾನೇ ಕೂಡಿಸಿದ ಹಾಡುಗಳನ್ನು ನೋಡಲು ನಾನು ಅನುಮತಿ ಕೇಳಬೇಕಿತ್ತು. ಸಾಯಲಿ ಎಂದು ಫೋನು ಚೀಲಕ್ಕೆ ಹಾಕಿದೆ. ಹತ್ತಿಗೂಡೂರು ದಾಟುವಷ್ಟರಲ್ಲಿ ಮತ್ತೆ ತೆಗೆದು ಗುಂಡಿ ಒತ್ತಿದೆ. ಉತ್ತರ ಬರಲಿಲ್ಲ.

ಯಾದಗಿರಿಯವನಿಗೆ ಫೋನು ಮಾಡಿ ಬೈದೆ. "ಅಕ್ಕಾ, ಹಳೇ ರೂಪ ಎಲ್ಲಾ ಆ ಫೈಲಿನ ಹೊಟ್ಟ್ಯಾಗ ಇರ್ತಾವ, ಎಲ್ಲೂ ಹೋಗಂಗಿಲ್ಲ," ಎಂದ. ತೆರೆದು ನೋಡಬೇಕಾದವರು ಯಾರು ಎಂದು ಕೇಳಿದೆ. "ಸರ್ ಬಿಟ್ರ ಯಾರಿಲ್ಲ," ಎಂದು ಒಪ್ಪಿಕೊಂಡ. "ನನಗ ನೀವಿಬ್ಬರೂ ಬೇಕು," ಎಂದ ಕೊನೆಗೆ. ಅಂಥವರಿಗೆ ಏನು ಹೇಳುವುದು?

ಪುಸ್ತಕ ಬಂತು. ಬಿಡುಗಡೆಗೆ ನನ್ನನ್ನು ಕರೆಯಲಿಲ್ಲ. ಯಾದಗಿರಿಯವನು ಒಂದು ಪ್ರತಿ ತಂದುಕೊಟ್ಟ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಇನಿಷಿಯಲ್ ಸಮೇತ ತಪ್ಪಿಲ್ಲದೆ ಇತ್ತು. ಹಣಮವ್ವನ ಹಾಡು ಮೊದಲ ಹಾಡಾಗಿತ್ತು, ಕೆಳಗೆ ಸರ್ ತಾಯಿಯ ಹೆಸರು. ಪ್ರಕಾಶಕರಿಗೆ ಬರೆದೆ, ಎರಡನೇ ಮುದ್ರಣ ಆದರೆ ನೋಡೋಣ ಎಂದರು. ನನ್ನ ಬಳಿ ನಂಬರು ಹಾಕಿದ ಪ್ರತಿಗಳೆಲ್ಲ ಇದ್ದವು, ಅವಳ ದನಿಯೂ ಇತ್ತು. ಅಚ್ಚಾದ ಪುಸ್ತಕದ ಮುಂದೆ ಅವನ್ನು ಯಾರೂ ತಿರುಗಿ ನೋಡಲಿಲ್ಲ.

ಬೋನಾಳಕ್ಕೆ ಹೋಗದೆ ಇರಬಹುದಿತ್ತು. ಆದರೆ ಪುಸ್ತಕ ಬಂದ ಸುದ್ದಿ ಹಣಮವ್ವನಿಗೆ ಹೇಗೋ ಮುಟ್ಟಿ, ಯಾರದೋ ಫೋನಿನಿಂದ "ತೊಗೊಂಡ ಬಾ" ಎಂದು ಹೇಳಿಸಿದ್ದಳು. ಒಯ್ದೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು, ಮೂಸಿ ನೋಡಿದಳು.

"ಓದಾಕ ಬರಂಗಿಲ್ಲ ನನಗ. ನನ್ನ ಹೆಸರ ಎಲ್ಲೈತಿ, ಬಟ್ಟ ಇಟ್ಟ ತೋರಸು."

ಯಾವ ಹೆಸರಿನ ಮೇಲೆ ನಾನು ಅವಳ ಬೆರಳನ್ನು ಹಿಡಿದಿಟ್ಟಿದ್ದರೂ ಅವಳು ನಂಬುತ್ತಿದ್ದಳು. "ಇಲ್ಲ ಆಯಿ," ಎಂದೆ.

"ಮಗಳದು?"

"ಅದೂ ಇಲ್ಲ. ಸರ್ ತಮ್ಮ ಅವ್ವನ ಹೆಸರ ಹಾಕ್ಯಾರ."

ಅವಳು ಮೊರ ಎಳೆದುಕೊಂಡು ಮತ್ತೆ ಬೇಳೆ ನೋಡತೊಡಗಿದಳು. ನಾನು ಅತ್ತೆ, ಸಿಟ್ಟಿಗೆ ಅತ್ತೆ. ಅವಳು ನನ್ನನ್ನು ಸಮಾಧಾನ ಮಾಡಲೂ ಇಲ್ಲ, ಸರ್‌ಗೆ ಬೈಯಲೂ ಇಲ್ಲ. ನಾನು ಏಳುವಾಗ, "ಮಾಸ್ತರಗ ಹೇಳು, ಹಣಮವ್ವ ಕೇಳ್ಯಾಳ ಅಂತ," ಎಂದಳು. ಅಷ್ಟನ್ನೇ ಸರ್‌ಗೆ ವಾಟ್ಸಪ್ ಮಾಡಿದೆ. ನೋಡಿದ್ದಾರೆಂದು ಎರಡು ನೀಲಿ ಗೆರೆ ಬಿದ್ದವು. ಅವರ ನನ್ನ ನಡುವೆ ನಡೆದ ಕೊನೆಯ ಮಾತು ಅದು.

ಹೋದ ವರ್ಷ ಬೇಸಿಗೆಯ ಒಂದು ಮುಂಜಾನೆ ಯಾದಗಿರಿಯವನು ಫೋನು ಮಾಡಿ ಅತ್ತ. ಸರ್ ಹೋದರು, ಎದೆ ನೋವು ಅಂದರು, ಅಷ್ಟೇ. ನನಗೆ ಅಳು ಬರಲಿಲ್ಲ. ಹೋಗುವುದಿಲ್ಲ ಎಂದು ಕೂತೆ. ಆಮೇಲೆ, ಸುದ್ದಿಯಾದರೂ ಮುಟ್ಟಿಸೋಣ ಎಂದು ಬೋನಾಳಕ್ಕೆ ಫೋನು ಮಾಡಿಸಿದೆ. "ಮಣ್ಣ ಕೊಡೋದು ಎಷ್ಟೊತ್ತಿಗಿ?" ಎಂದು ಕೇಳಿದಳು ಹಣಮವ್ವ. "ನಾ ಬರ್ತೀನಿ. ನೀ ಬಸ್‌ಸ್ಟ್ಯಾಂಡಿನ್ಯಾಗ ನಿಂದರು." ಅವಳು ಹೊರಟ ಮೇಲೆ ನಾನು ಹೇಗೆ ಮನೆಯಲ್ಲಿ ಇರಲಿ?

ಅದೇ ಪಡಸಾಲೆಯಲ್ಲಿ ಸರ್ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಕನ್ನಡಕಗಳಿರಲಿಲ್ಲ. ಮಂದಿ ಬಹಳವಿತ್ತು. ಅವರಿಂದ ಕಲಿತವರು, ಪುಸ್ತಕ ಓದಿದವರು, ದೊಡ್ಡ ಮಂದಿ. ಹಣಮವ್ವ ಎಲ್ಲರ ನಡುವೆ ದಾರಿ ಮಾಡಿಕೊಂಡು ಹೋಗಿ ಸರ್ ಕಾಲ ಬಳಿ ಕೂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಹಾಡ್ಯಾಡಿ ಅಳತೊಡಗಿದಳು.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹೀಗೇ ಅಳುವುದು. ಹೋದವರ ಗುಣ, ಅವರು ಮಾಡಿದ್ದು, ಆಡಿದ್ದು, ಎಲ್ಲವನ್ನೂ ರಾಗ ಮಾಡಿ ಅವರಿಗೇ ಹೇಳಿಕೊಂಡು ಅಳುತ್ತಾರೆ. ಅದರಲ್ಲಿ ಯಾರು ಏನಂದರೂ ನಡುವೆ ಬಾಯಿ ಹಾಕುವಂತಿಲ್ಲ. ಊರ ಗೌಡನೇ ಕೂತಿದ್ದರೂ ಸುಮ್ಮನಿರಬೇಕು.

ಶಾಣ್ಯಾ ನನ ಮಾಸ್ತರಪ್ಪಾ, ಬೋನಾಳ ಹಾದಿ ತುಳದೆಲ್ಲೊ
ನನ ಕೈಯ ರೊಟ್ಟಿ ಉಂಡೆಲ್ಲೊ

ಎಂದು ಶುರು ಮಾಡಿದಳು. ಎಲ್ಲರಿಗೂ ಕಣ್ಣೀರು ಬಂತು. ಬಿಸಿಲಲ್ಲಿ ನಡೆದು ಬರುತ್ತಿದ್ದುದನ್ನು ಹಾಡಿದಳು, ನೆಲದ ಮೇಲೆ ಕೂತು ಕೇಳುತ್ತಿದ್ದುದನ್ನು, ತನ್ನ ಕೈ ಹಿಡಿದುಕೊಂಡಿದ್ದನ್ನು ಹಾಡಿದಳು. ಆಮೇಲೆ ದನಿ ಏರಲಿಲ್ಲ, ಇಳಿಯಲಿಲ್ಲ; ಅದೇ ರಾಗದಲ್ಲಿ ಅಂದಳು.

ಕೂಸಿನ ಹಾಡ ಒಯ್ದಿ, ನಿಮ್ಮವ್ವನ ಉಡಿಗ್ಹಾಕಿ
ಕೂಸ ನಿನಗಲ್ಲಿ ಸಿಕ್ಕರ, ನನ ತಮ್ಮಾ
ಯಾರ ಮಗಳಂತ ಹೇಳತಿಯೊ

ಪುಸ್ತಕ ಓದಿದ್ದವರು ತಲೆ ತಗ್ಗಿಸಿದರು. ಯಾದಗಿರಿಯವನು ಎದ್ದು ಹೊರಗೆ ಹೋದ. ಅಕ್ಕಾರು ಅಳುವುದನ್ನು ನಿಲ್ಲಿಸಿ ಹಣಮವ್ವನನ್ನು ನೋಡಿದರು. ಎದ್ದು ಹೋಗು ಎನ್ನುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಅವರು ಕೂತಲ್ಲಿಂದಲೇ ಸರಿದು ಬಂದು ಅವಳ ಮೊಣಕಾಲು ಹಿಡಿದುಕೊಂಡು, "ಇನ್ನೊಮ್ಮಿ ಅನ್ನವ್ವಾ, ಕೇಳಲಿ," ಎಂದರು.

ಹಣಮವ್ವ ಇನ್ನೊಮ್ಮೆ ಅಂದಳು. ಆಗ ನನಗೂ ಅಳು ಬಂತು, ತಡೆಯಲಾಗದ ಅಳು.

ನಾನು ಅವರನ್ನು ಕ್ಷಮಿಸಿಲ್ಲ. ಕ್ಷಮಿಸುವುದು ನನ್ನ ಕೈಯಲ್ಲಿಲ್ಲ, ಅದು ಬೋನಾಳದ ಒಬ್ಬ ಮುದುಕಿಗೆ ಮತ್ತು ಈ ಲೋಕದಲ್ಲಿಲ್ಲದ ಅವಳ ಮಗಳಿಗೆ ಸೇರಿದ್ದು. ಆದರೆ ಎಲ್ಲಾದರೂ ಆ ಮಗು ಎದುರಿಗೆ ಬಂದು ನಿಂತರೆ, 'ನೀ ಹಣಮವ್ವನ ಮಗಳಲ್ಲೇನವ್ವಾ' ಎಂದೇ ಸರ್ ಕೇಳುತ್ತಾರೆ, ಬೇರೆ ಹೆಸರು ಅವರ ಬಾಯಿಂದ ಬರುವುದಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಹಾಗೆ ಅನ್ನಿಸುವುದು ನಿಲ್ಲುತ್ತಿಲ್ಲ. ಅಷ್ಟರ ಮಟ್ಟಿಗೆ ಅವರು ಇನ್ನೂ ನನ್ನ ಸರ್.